ಫ್ರಾನ್ಸ್‌ಗೆ ಹೋದ ಬೇಸಿಗೆ

ಮೊನ್ನೆ ಅಕ್ಟೋಬರಿನಲ್ಲಿ ಗರಾಜು ಗುಡಿಸುವಾಗ ನನ್ನ ಹಳೆಯ ಸೈಕಲ್ಲಿನ ಚಕ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಟೈರಿನ ಸಂದಿಯಲ್ಲಿ ಅಂಟಿಕೊಂಡಿದ್ದ ಬೂದುಬಣ್ಣದ ಕಲ್ಲುಪುಡಿ ನೆನೆದದ್ದೇ ತಡ, ಉಗುಳು ಹಚ್ಚಿ ಒರೆಸಿದ ಪಾಟಿಯ ವಾಸನೆ ಬಂತು. ಬಟ್ಟೆ ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಒಳಗಿನಿಂದ ನಮ್ಮ ಮನೆಯವರು, "ಸರೋಜಾ, ಯಾಕ ಸುಮ್ನಾದಿ? ಆರಾಮ ಅದಿ ಇಲ್ಲೋ?" ಎಂದು ಕೂಗಿದರು. ನಾನು ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡರೆ ಸಾಕು, ನಮ್ಮ ಮನೆಯಲ್ಲಿ ಈಗಲೂ ಹೀಗೆ ವಿಚಾರಣೆಯಾಗುತ್ತದೆ. "ಆರಾಮ ಅದೀನ್ರಿ, ಏನೋ ನೆನಪಾತು" ಎಂದೆ. ನೆನಪಾದದ್ದು ೨೦೧೬ರ ಬೇಸಿಗೆ.

ಆಗ ನಾನು ವುಡ್‌ಬ್ರಿಡ್ಜಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಹಳದಿ ಬಸ್ಸು, ಹೆಚ್ಚುಕಡಿಮೆ ನಲವತ್ತಡಿ ಉದ್ದ. ಬೈಲಹೊಂಗಲದಲ್ಲಿ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಪೆಡಲು ತುಳಿಯುತ್ತಿದ್ದವಳು ನಲವತ್ತು ದಾಟಿದ ಮೇಲೆ ಆ ಬಸ್ಸಿನ ಲೈಸೆನ್ಸು ತೆಗೆದುಕೊಂಡೆ. ನಮ್ಮವರ ಯಾವ ಕೂಟಕ್ಕೆ ಹೋದರೂ, "ಇವ್ರ ನೋಡ್ರಿ, ಸಾಲಿ ಬಸ್ ಹೊಡಿಯಾವ್ರು" ಎಂದು ನನ್ನನ್ನು ಮುಂದೆ ತಳ್ಳಿ ಪರಿಚಯ ಮಾಡಿಸುತ್ತಿದ್ದರು. ನಮ್ಮ ಮನೆಯವರ ಹೆಸರು ಅದರ ಹಿಂದೆ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಭಾರಿ ಹೆಮ್ಮೆ. ಆ ದೊಡ್ಡ ಸ್ಟೀರಿಂಗು ಹಿಡಿದು ಕೂತಾಗ ವಲಸೆ ಬಂದ ಈ ಚಳಿಯ ದೇಶದಲ್ಲಿ ನನಗೂ ಒಂದು ಜಾಗ ಇದೆ ಅನ್ನಿಸುತ್ತಿತ್ತು. ಬೇರೆ ಎಲ್ಲಿಯೂ ಹಾಗೆ ಅನ್ನಿಸಿರಲಿಲ್ಲ.

ಜೂನ್ ಕೊನೆಗೆ ಶಾಲೆ ಮುಚ್ಚಿದರೆ ಬಸ್ಸಿನವರಿಗೆ ಎರಡು ತಿಂಗಳು ಕೆಲಸವಿಲ್ಲ. ಆ ವರ್ಷ ರಜೆಯ ಮೊದಲ ದಿನವೇ ಮಾಲತಿಯ ಫೋನು ಬಂತು. ಮಾಲತಿ ಮೈಸೂರಿನವರು, ಥಾರ್ನ್‌ಹಿಲ್ಲಿನಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. ನನಗಿಂತ ಏಳೆಂಟು ವರ್ಷ ಚಿಕ್ಕವರು. ಯುಗಾದಿ ಊಟದಲ್ಲಿ ಎರಡು ಸಲ ಪಕ್ಕದಲ್ಲಿ ಕೂತು ಉಂಡದ್ದು ಬಿಟ್ಟರೆ ಅಂಥ ಸ್ನೇಹವೇನೂ ಇರಲಿಲ್ಲ.

"ಸರೋಜಕ್ಕ, ನಿಮಗೆ ಈಗ ರಜಾ ಅಲ್ವಾ? ಬುಧವಾರ, ಶನಿವಾರ ನನ್ನ ಜೊತೆ ಸೈಕ್ಲಿಂಗ್ ಬರ್ತೀರಾ?"

"ಸೈಕಲ್ಲಾ? ಮುಟ್ಟಿ ಇಪ್ಪತ್ತೈದು ವರ್ಷ ಆತ್ರಿ ಬಾಯಾರ."

"ಅದೆಲ್ಲ ಮರೆಯಲ್ಲ ಬಿಡಿ. ಕಾರು ಓಡಾಡೋ ರಸ್ತೆ ಅಲ್ವೇ ಅಲ್ಲ. ಕ್ಯಾಲೆಡನ್ ಕಡೆ ಹಳೇ ರೈಲ್ವೆ ಹಳಿ ಕಿತ್ತು ಗ್ರಾವೆಲ್ ಹಾಕಿದಾರೆ. ಸಣ್ಣ ಜಲ್ಲಿ. ಒಂದು ಗಾಡಿ ಬರಲ್ಲ, ಒಂದು ಹಾರ್ನ್ ಕೇಳಲ್ಲ."

ವರ್ಷವಿಡೀ ಹೈವೇ ಏಳರ ಟ್ರಾಫಿಕ್ಕಿನಲ್ಲಿ ಬೇಯುವವಳಿಗೆ ಹಾರ್ನ್ ಕೇಳುವುದಿಲ್ಲ ಎಂಬ ಒಂದು ಮಾತು ಸಾಕಾಯಿತು. ಪಕ್ಕದ ಮನೆಯ ಇಟಲಿಯ ಮುದುಕ ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತ ನನ್ನ ಸುದ್ದಿ ಕೇಳಿಸಿಕೊಂಡು, ತನ್ನ ಮಗಳು ಬಿಟ್ಟುಹೋದ ಸೈಕಲ್ಲನ್ನು ಗಾಳಿ ತುಂಬಿಸಿ ತಂದುಕೊಟ್ಟ. ಅದರ ಟೈರು ದಪ್ಪ, ಸೀಟು ಕಲ್ಲಿನಷ್ಟು ಗಟ್ಟಿ. ಮೊದಲ ವಾರ ನಾನು ಮನೆಯಲ್ಲಿ ದಿಂಬಿಲ್ಲದೆ ಎಲ್ಲೂ ಕೂರಲಿಲ್ಲ.

ಒಂದೇ ಒಂದು ಕಿರಿಕಿರಿ. ವುಡ್‌ಬ್ರಿಡ್ಜಿನಿಂದ ಕ್ಯಾಲೆಡನ್ ವಾಯವ್ಯಕ್ಕೆ, ಥಾರ್ನ್‌ಹಿಲ್ ಪೂರ್ವಕ್ಕೆ. ನಾನು ವ್ಯಾನು ತೆಗೆದುಕೊಂಡು ಮೊದಲು ಪೂರ್ವಕ್ಕೆ ಹೋಗಿ, ಮಾಲತಿಯನ್ನೂ ಅವರ ಸೈಕಲ್ಲನ್ನೂ ಹತ್ತಿಸಿಕೊಂಡು, ಮತ್ತೆ ನಮ್ಮ ಮನೆಯ ಹತ್ತಿರವೇ ಹಾದು ಹೋಗಬೇಕಿತ್ತು. ಅವರ ಕಾರು ಅವರ ಮನೆಯ ಮುಂದೆ ಹೊಳೆಯುತ್ತ ನಿಂತಿರುತ್ತಿತ್ತು. ಮೊದಲ ವಾರ "ಸರ್ವೀಸಿಗೆ ಕೊಡಬೇಕು" ಎಂದರು, ಎರಡನೇ ವಾರ "ಏನೋ ಸದ್ದು ಬರುತ್ತೆ" ಎಂದರು, ಮೂರನೇ ವಾರ ನೆಪ ಹೇಳುವುದನ್ನೂ ಬಿಟ್ಟರು. ಪ್ರತಿ ಸಲ ಕೈಯಲ್ಲಿ ಪುಳಿಯೋಗರೆ ಗೊಜ್ಜಿನದೋ ಚಟ್ನಿಪುಡಿಯದೋ ಒಂದು ಬಾಟಲಿ ಹಿಡಿದೇ ಹೊರಗೆ ಬರುತ್ತಿದ್ದರು. ಮೈಸೂರಿನ ಸೌಜನ್ಯವೆಲ್ಲ ಬಾಟಲಿಯಲ್ಲಿ, ಪೆಟ್ರೋಲು ಮಾತ್ರ ನಮ್ಮದು ಎಂದು ನಾನು ಮನೆಯವರ ಮುಂದೆ ಆಡಿಕೊಂಡಿದ್ದೇನೆ. ಗೊಜ್ಜು ರುಚಿಯಾಗಿತ್ತು, ಅದು ಬೇರೆ ಮಾತು.

ಆದರೆ ಆ ದಾರಿ! ಒಂದು ಕಾಲಕ್ಕೆ ರೈಲು ಹೋಗುತ್ತಿದ್ದದ್ದರಿಂದ ಏರಿಲ್ಲ, ಇಳಿಜಾರಿಲ್ಲ, ಗಕ್ಕನೆ ತಿರುವಿಲ್ಲ. ಎರಡೂ ಕಡೆ ಮೇಪಲ್, ಪಾಪ್ಲರ್ ಮರಗಳು ಬಾಗಿ ನೆರಳು ಮಾಡಿರುತ್ತಿದ್ದವು. ಮರ ಮುಗಿದಲ್ಲಿ ಹುಲ್ಲುಗಾವಲು, ಬಾಲ ಬೀಸುತ್ತ ನಿಂತ ಕುದುರೆಗಳು, ಯಾರದೋ ಮೆಕ್ಕೆಜೋಳದ ಹೊಲ. ಚಕ್ರದ ಕೆಳಗೆ ಪುಡಿಜಲ್ಲಿ ಚರಚರ ಎನ್ನುವುದು ಬಿಟ್ಟರೆ ಸದ್ದಿಲ್ಲ. ಮೊದಲೆರಡು ವಾರ ಹೆಗಲ ಮೇಲೆ ಕೆಂಪು ಪಟ್ಟಿಯಿರುವ ಕರಿ ಹಕ್ಕಿಯೊಂದು, ತನ್ನ ಗೂಡಿನ ಹತ್ತಿರ ಹೋದವರನ್ನೆಲ್ಲ ಅಟ್ಟಿಸಿಕೊಂಡು ಬಂದು ಹೆಲ್ಮೆಟ್ಟಿಗೆ ಕುಟುಕುತ್ತಿತ್ತು. ಇಬ್ಬರೂ ತಲೆ ತಗ್ಗಿಸಿ, ಕಿರುಚಿ, ನಗುತ್ತ ಆ ಜಾಗ ದಾಟುತ್ತಿದ್ದೆವು. ಜುಲೈಯಲ್ಲಿ ದಾರಿಯ ಅಂಚಿನಲ್ಲಿ ಕಾಡು ರಾಸ್‌ಬೆರಿ ಹಣ್ಣಾಯಿತು. ಆ ವರ್ಷ ಮಳೆ ಕಡಿಮೆ. ಹುಲ್ಲೆಲ್ಲ ಒಣಗಿ, ನಮ್ಮ ಕಡೆಯ ಏಪ್ರಿಲ್ ತಿಂಗಳ ಬಣ್ಣಕ್ಕೆ ತಿರುಗಿತ್ತು. ಸಂಜೆ ಮನೆಗೆ ಬಂದರೆ ಕಾಲು, ಸಾಕ್ಸು, ಹುಬ್ಬು ಎಲ್ಲದರ ಮೇಲೂ ಬಿಳಿ ದೂಳು.

ಮಾಲತಿಯ ಸೈಕಲ್ಲು ಬಾಗಿದ ಹ್ಯಾಂಡಲಿನ ಚೆಂದದ ಸೈಕಲ್ಲು. ಅದನ್ನು ಕೊಂಡದ್ದು ಫ್ರಾನ್ಸಿಗಾಗಿ. ಆ ಮೇ ತಿಂಗಳಲ್ಲಿ ಆಫೀಸಿನ ಗೆಳತಿಯರ ಜೊತೆ ಹತ್ತು ದಿನ ಬರ್ಗಂಡಿಯ ಕಡೆ ಕಾಲುವೆಯ ಪಕ್ಕದ ಜಲ್ಲಿ ದಾರಿಗಳಲ್ಲಿ, ಹಳ್ಳಿಯಿಂದ ಹಳ್ಳಿಗೆ, ಒಂದೇ ಒಂದು ಕಾರು ಕಾಣದ ಹಾಗೆ ಸುತ್ತಬೇಕೆಂದು ಎಲ್ಲ ಗೊತ್ತುಮಾಡಿದ್ದರಂತೆ. ಕೊನೆಗಳಿಗೆಯಲ್ಲಿ ಇವರೊಬ್ಬರು ಹೋಗಲಿಲ್ಲ. ಯಾಕೆ ಎಂದರೆ "ಆಗ್ಲಿಲ್ಲ" ಎಂದು ಮಾತು ತಿರುಗಿಸಿದರು. ಆದರೆ ದಿನದಿನದ ದಾರಿ ಬರೆದ ಹಾಳೆಗಳು ಅವರ ಹ್ಯಾಂಡಲಿನ ಚೀಲದಲ್ಲೇ ಇದ್ದವು. ದಾರಿಯಲ್ಲಿ ಸಿಗುವ ಇಂಗಲ್‌ವುಡ್ ಎಂಬ ಊರಿನಲ್ಲಿ ನೀರು ಕುಡಿಯಲು ನಿಂತಾಗ ಅದನ್ನು ತೆಗೆದು ಓದುತ್ತಿದ್ದರು.

"ಇವತ್ತು ಮೂರನೇ ದಿನ ಸರೋಜಕ್ಕ. ಕಾಲುವೆ ಪಕ್ಕ ಹದಿನೆಂಟು ಕಿಲೋಮೀಟರ್. ದ್ರಾಕ್ಷಿ ತೋಟ. ಮಧ್ಯಾಹ್ನ ಹಳೇ ಗಿರಣಿ ಹತ್ರ ಬ್ರೆಡ್ಡು, ಚೀಸು."

"ನಮ್ಮ ಗಿರಣಿಯಾಗ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಐತ್ರಿ. ನಡೀತೈತಿಲ್ಲೋ?"

"ಫ್ರಾನ್ಸಲ್ಲಿ ಸಿಗಲ್ಲ, ಕೊಡಿ."

ಹೀಗೆ ಕ್ಯಾಲೆಡನ್ನಿನ ಒಂದೊಂದು ಊರೂ ಫ್ರಾನ್ಸಿನ ಒಂದೊಂದು ಊರಾಯಿತು. ನಾನು ಮನೆಯಿಂದ ಹೊರಡುವಾಗ "ಫ್ರಾನ್ಸಿಗೆ ಹೋಗಿ ಬರ್ತೇನ್ರಿ" ಎನ್ನುವುದು, ಮನೆಯವರು "ಸಂಜಿಕ ಬರೂಮುಂದ ಕೊತಂಬ್ರಿ ತಗೊಂಡ ಬಾ" ಎನ್ನುವುದು ಅಭ್ಯಾಸವಾಯಿತು.

ಮಾಲತಿ ಯಾವಾಗಲೂ ಮುಂದೆ. "ನೀವು ನನ್ನ ಹಿಂದೇನೇ ಇರಿ, ತುಂಬಾ ದೂರ ಬಿಡಬೇಡಿ" ಎನ್ನುತ್ತಿದ್ದರು. ಇದು ದೊಡ್ಡಸ್ತಿಕೆ ಎಂದು ನಾನು ಅಂದುಕೊಂಡಿದ್ದೆ. ಜುಲೈ ನಡುವಿನಿಂದ ಇದ್ದಕ್ಕಿದ್ದಂತೆ ಹಿಂದಾದರು. "ಇವತ್ತಿಂದ ನೀವು ಮುಂದೆ ಹೋಗಿ." ಮೈಸೂರಿನ ಬಾಯಾರು ದಣಿದರು ಎಂದು ನನಗೆ ಸ್ವಲ್ಪ ಖುಷಿಯೇ ಆಯಿತು.

ಈಗ ಪಿತ್ತದ ವಿಷಯ ಹೇಳಬೇಕು. ಆ ವರ್ಷದ ಚಳಿಗಾಲದಿಂದ ನನಗೆ ಆಗಾಗ ಒಂಥರಾ ಆಗುತ್ತಿತ್ತು. ಏನಾಗುತ್ತಿತ್ತು ಎಂದರೆ ಹೇಳಲಿಕ್ಕೆ ಏನೂ ಇಲ್ಲ, ಅದೇ ತೊಂದರೆ. ಬಿಸಿ ಚಹಾ ಕೈಯಲ್ಲಿ ಹಿಡಿದಿರುತ್ತಿದ್ದೆ, ಕುಡಿಯಲು ಹೋದರೆ ಆರಿರುತ್ತಿತ್ತು. ಟೀವಿಯಲ್ಲಿ ಹಾಡು ನೋಡುತ್ತಿದ್ದರೆ ನಡುವೆ ಒಂದು ಚರಣ ಕಾಣೆಯಾಗುತ್ತಿತ್ತು. ಒಮ್ಮೆ ಮನೆಯವರು, "ಎಷ್ಟ್ ಕರದ್ರೂ ಓ ಅನ್ನಾಕ ಒಲ್ಲಿ, ಕಣ್ ಬಿಟ್ಕೊಂಡ ಕುಂತಿ" ಎಂದರು. ನಮ್ಮ ಮನೆಗಳಲ್ಲಿ ಹೆಸರಿಲ್ಲದ ಎಲ್ಲ ಕಾಯಿಲೆಗೂ ಒಂದೇ ಹೆಸರು, ಪಿತ್ತ. ತಲೆ ಸುತ್ತಿದರೆ ಪಿತ್ತ, ವಾಕರಿಕೆ ಬಂದರೆ ಪಿತ್ತ, ಸಿಟ್ಟು ಬಂದರೆ ಅದೂ ಪಿತ್ತ. ಬೈಲಹೊಂಗಲದ ನಮ್ಮ ಅತ್ತೆ ಫೋನಿನಲ್ಲೇ ಔಷಧ ಹೇಳಿದರು: ನೆನೆಸಿದ ಕೊತ್ತಂಬರಿ ಬೀಜದ ನೀರು, ಲಿಂಬೆ ಪಾನಕ, ಹೊಟ್ಟೆ ಖಾಲಿ ಬಿಡಬಾರದು. ನಾನು ಬಸ್ಸಿನಲ್ಲಿ ಏಲಕ್ಕಿಯ ಪೊಟ್ಟಣ ಇಟ್ಟುಕೊಂಡೆ. ಡಾಕ್ಟರರ ಹತ್ತಿರ ಹೋಗುವುದು ತಲೆಗೂ ಬರಲಿಲ್ಲ. ಪಿತ್ತಕ್ಕೆ ಯಾರಾದರೂ ಡಾಕ್ಟರರ ಹತ್ತಿರ ಹೋಗುತ್ತಾರೆಯೇ?

ಆಗಸ್ಟ್ ನಡುವಿನ ಒಂದು ಶನಿವಾರ. ಪಾಲ್‌ಗ್ರೇವ್ ಕಡೆ ದಾರಿಯ ಪಕ್ಕದ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿ ಕೂತಿದ್ದೆವು. ಶಾಲೆ ತೆರೆಯಲು ಮೂರು ವಾರ ಇತ್ತು. ಹೊಸ ರೂಟಿನ ಬಗ್ಗೆ ಏನೋ ಹೇಳುತ್ತಿದ್ದೆ. ಹೇಳಿ ಮುಗಿಸಿ ನೋಡಿದರೆ ಮಾಲತಿ ತಮ್ಮ ಫೋನನ್ನು ನನ್ನ ಕಡೆ ಹಿಡಿದು ಕೂತಿದ್ದರು. ಮುಖ ಬಿಳಿಚಿತ್ತು.

"ಸರೋಜಕ್ಕ, ಇದನ್ನ ನೋಡಿ. ಬೇಜಾರು ಮಾಡ್ಕೋಬೇಡಿ."

ವಿಡಿಯೋದಲ್ಲಿ ನಾನಿದ್ದೆ. "ಹೊಸಾ ರೂಟಿನಾಗ ಎರಡ ಸ್ಟಾಪ್..." ಎನ್ನುತ್ತ ನಿಂತುಬಿಟ್ಟೆ. ಕಣ್ಣು ತೆರೆದೇ ಇತ್ತು, ಎದುರಿನ ಹೊಲದ ಕಡೆ. ತುಟಿ ಏನೋ ಅಗಿಯುವ ಹಾಗೆ ಆಡುತ್ತಿತ್ತು. ಬಲಗೈ ರೊಟ್ಟಿಯನ್ನು ಮುರಿಯುತ್ತಿತ್ತು, ಪುಡಿ ಮಾಡುತ್ತಿತ್ತು, ಆ ಪುಡಿ ಮಡಿಲಲ್ಲಿ ಬೀಳುತ್ತಿತ್ತು. ಮಾಲತಿಯ ದನಿ ಎರಡು ಸಲ ನನ್ನ ಹೆಸರು ಕರೆಯಿತು. ಆ ಹೆಂಗಸು ತಿರುಗಲಿಲ್ಲ. ನಲವತ್ತು ಸೆಕೆಂಡಿನ ಮೇಲೆ ಏನೂ ಆಗದವಳಂತೆ, "...ಹೆಚ್ಚಿಗಿ ಕೊಟ್ಟಾರ" ಎಂದು ಮಾತು ಮುಗಿಸಿದಳು.

ನಾನು ಮಡಿಲು ನೋಡಿಕೊಂಡೆ. ರೊಟ್ಟಿಯ ಪುಡಿ ಇತ್ತು.

ಸಿಟ್ಟು ನೆತ್ತಿಗೇರಿತು. "ನನ್ನನ್ನ ಕದ್ದು ವಿಡಿಯೋ ತಗದೀರಿ? ಇದನ್ನ ಯಾರಿಗೆ ತೋರಸಾವ್ರು ನೀವು?"

"ಯಾರಿಗೂ ಅಲ್ಲ. ನಿಮಗೇ. ಜುಲೈಯಿಂದ ಇದು ನಾಲ್ಕನೇ ಸಲ ನಾನು ನೋಡ್ತಿರೋದು. ಒಂದ್ಸಲ ಸೈಕಲ್ ಮೇಲೇ ಆಗಿ ಸೀದಾ ಹುಲ್ಲಿಗೆ ಹೋದ್ರಿ. ಬ್ಯಾಲೆನ್ಸ್ ತಪ್ಪಿತು ಅಂದ್ರಿ. ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ ಅನ್ನಿಸ್ತು."

"ಅದು ಪಿತ್ತ."

"ಅಲ್ಲ ಸರೋಜಕ್ಕ. ನೀವು ಬಸ್ ಓಡಿಸ್ತೀರಿ."

ನನ್ನ ಅನ್ನಕ್ಕೆ ಕಲ್ಲು ಹಾಕಬೇಡಿ ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಸೈಕಲ್ ಹತ್ತಿ, ವ್ಯಾನು ನಿಲ್ಲಿಸಿದ ಜಾಗದವರೆಗೆ ತಿರುಗಿ ನೋಡದೆ ತುಳಿದೆ. ಹಿಂದೆ ಅವರ ಚಕ್ರದ ಚರಚರ ಬಿಡದೆ ಕೇಳುತ್ತಿತ್ತು. ನನ್ನನ್ನು ಬಿಟ್ಟುಹೋಗಬಾರದೆಂದು ಬರುತ್ತಿದ್ದಾರೆ ಎಂದು ಗೊತ್ತಿದ್ದೂ ಇನ್ನಷ್ಟು ಜೋರು ಮಾಡಿದೆ.

ಸೈಕಲ್ಲನ್ನು ವ್ಯಾನಿಗೆ ತುರುಕಿ ಡ್ರೈವರ್ ಸೀಟಿನಲ್ಲಿ ಕೂತೆ. ಮಾಲತಿ ಹತ್ತಲಿಲ್ಲ. ಸೈಕಲ್ ಹಿಡಿದುಕೊಂಡು ವ್ಯಾನಿನ ಮುಂದೆಯೇ ನಿಂತರು.

"ಹತ್ರಿ. ಮನಿಗೆ ಬಿಡ್ತೇನಿ. ನಾಳಿಂದ ನಿಮ್ಮ ಕಾರಿನಾಗ ಬರ್ರಿ."

"ನನ್ನ ಕಾರು ಓಡಿಸೋ ಹಾಗಿಲ್ಲ ನಾನು" ಎಂದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. "ಮಾರ್ಚಲ್ಲಿ ಆಫೀಸ್ ಮೀಟಿಂಗಲ್ಲಿ ಬಿದ್ದೆ. ಫಿಟ್ಸ್. ಕಣ್ಣು ಬಿಟ್ಟಾಗ ಆ್ಯಂಬುಲೆನ್ಸಲ್ಲಿದ್ದೆ. ಲೈಸೆನ್ಸ್ ಹೋಯ್ತು, ಫ್ರಾನ್ಸೂ ಹೋಯ್ತು. ಸೈಕಲ್ ಆದ್ರೂ ಬಿಡಲ್ಲ ಅಂತ ಡಾಕ್ಟರ್ ಹತ್ರ ಹಟ ಮಾಡಿದೆ. ಟ್ರಾಫಿಕ್ ಇರೋ ಕಡೆ ಬೇಡ, ಒಬ್ಬಳೇ ಹೋಗಬೇಡ ಅಂದ್ರು. ಬೀಳೋಕ್ಕೆ ಮುಂಚೆ ನನಗೂ ಎಷ್ಟೋ ತಿಂಗಳು ನಿಮ್ಮ ಹಾಗೇ ಆಗ್ತಿತ್ತಂತೆ. ನಮ್ಮನೆಯವರು ನೋಡಿದ್ರು. ಟೆನ್ಷನ್ನು ಅಂದ್ಕೊಂಡಿದ್ವಿ."

"ಅದಕ್ಕ ನನ್ನ ಕರ್ಕೊಂಡ್ರಿ. ಕಾವಲಿಗೆ."

"ಹೂಂ."

"ಹೇಳದಂಗ."

"ಹೇಳಿದ್ರೆ ಒಂದು ವಾರದಲ್ಲಿ ಎಲ್ಲರ ಅಡುಗೆಮನೇಲೂ ನನ್ನ ಮಾತೇ ಇರ್ತಿತ್ತು. ಮೂರ್ಛೆರೋಗದವಳು ಅಂತ. ನನಗೆ ಮಗಳಿದಾಳೆ ಸರೋಜಕ್ಕ. ತಪ್ಪು ಮಾಡಿದೆ. ನಿಮಗೆ ಹೇಳಬೇಕಿತ್ತು."

ನಾನು ಯಾರಿಗೂ ಹೇಳುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಹೇಳುತ್ತಿದ್ದೆ. ಪೆಟ್ರೋಲಿನ ವಿಷಯವನ್ನೇ ಬಿಟ್ಟಿರಲಿಲ್ಲ.

"ಸರಿ ಹತ್ರಿ" ಎಂದೆ, ಸ್ವಲ್ಪ ಮೆತ್ತಗೆ.

"ನಾನು ಹತ್ತಲ್ಲ. ನೀವೂ ಇಳೀರಿ."

"ಮತ್ತ ಯಾರ್ ಹೊಡೀತಾರ? ನೀವೇನು?"

"ನಾನು ಓಡಿಸೋ ಹಾಗಿಲ್ಲ."

"ನಾನೂ ಹೊಡಿಯೋ ಹಂಗಿಲ್ಲ ಅಂತೀರಿ."

ಇಬ್ಬರೂ ವ್ಯಾನನ್ನು ನೋಡಿದೆವು. ಅಷ್ಟು ದೊಡ್ಡ ವ್ಯಾನು, ಇಬ್ಬರು ಗಟ್ಟಿಮುಟ್ಟಾದ ಹೆಂಗಸರು, ಒಬ್ಬರೂ ಓಡಿಸುವ ಹಾಗಿಲ್ಲ. ಮಾಲತಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ನಾನು ಕೀಲಿ ತೆಗೆದು ಕೆಳಗಿಳಿದೆ. ನಂಬಿ ಇಳಿದೆ ಎಂದು ಹೇಳಲಾರೆ. ಅವರು ಅಳುವಾಗ ಕೂತಿರಲು ಆಗಲಿಲ್ಲ, ಅಷ್ಟೆ.

ಮಾಲತಿಯ ಗಂಡ ಆಫೀಸಿನ ಕೆಲಸದ ಮೇಲೆ ಊರಿನಲ್ಲಿರಲಿಲ್ಲ. ನಮ್ಮ ಮನೆಯವರಿಗೆ ಬರ್ಲಿಂಗ್ಟನ್ನಿನ ಕಾರ್ಖಾನೆಯಲ್ಲಿ ಶನಿವಾರದ ಶಿಫ್ಟು. ಫೋನು ಮಾಡಿ, ಶಿಫ್ಟು ಮುಗಿದ ಮೇಲೆ ಯಾರಾದರೂ ಜೊತೆಗಾರರನ್ನು ಕರೆದುಕೊಂಡು ಬನ್ನಿ, ಎರಡು ಗಾಡಿಗೆ ಇಬ್ಬರು ಡ್ರೈವರು ಬೇಕು ಎಂದೆ. "ಯಾಕ? ಏನಾತು?" ಎಂದರು. "ಬರ್ರಿ, ಹೇಳ್ತೇನಿ" ಎಂದೆ. ಮೂರು ಗಂಟೆ ಕಾದೆವು. ಗೂಡಿನ ಕಾಲ ಮುಗಿದು ಕರಿ ಹಕ್ಕಿಗಳೂ ಇರಲಿಲ್ಲ. ಬಿಸಿಲು ಇಳಿಯುತ್ತಿತ್ತು, ಸೈಕಲ್ಲಿನವರು ಒಬ್ಬಿಬ್ಬರು ಕೈಯೆತ್ತಿ ಹಾಯ್ ಎಂದು ಹೋದರು. ಮಾಲತಿ ಮೊಸರನ್ನದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು, ನಾನು ತಿಂದೆ.

ಆ ಮೂರು ಗಂಟೆಯಲ್ಲಿ ನನಗೆ ನೆನಪಾದದ್ದು ಜಸ್ಲೀನ್.

ಎರಡನೇ ತರಗತಿಯ ಹುಡುಗಿ, ಎರಡು ಜಡೆ, ನನ್ನ ರೂಟಿನಲ್ಲಿ ಆರನೇ ಸ್ಟಾಪು. ಏಪ್ರಿಲಿನ ಒಂದು ಬೆಳಿಗ್ಗೆ, ಹಸಿ ಹಿಮ ಬೀಳುತ್ತಿತ್ತು, ಅವಳು ಬಸ್ಸು ಹತ್ತಲಿಲ್ಲ. ಮಧ್ಯಾಹ್ನ, ಬಸ್ಸುಗಳನ್ನು ನಿಲ್ಲಿಸುವ ಯಾರ್ಡಿನವರು ನನ್ನನ್ನು ಕರೆದು ಕೇಳಿದರು. ಹುಡುಗಿ ಸ್ಟಾಪಿನಲ್ಲೇ ಇದ್ದಳಂತೆ, ಬಸ್ಸು ನಿಲ್ಲದೆ ಹೋಯಿತಂತೆ, ಅವಳು ಅರ್ಧ ಗಂಟೆ ಚಳಿಯಲ್ಲಿ ನಿಂತು ಅಳುತ್ತ ಮನೆಗೆ ಹೋದಳಂತೆ, ತಾಯಿ ದೂರು ಕೊಟ್ಟಿದ್ದಾಳೆ. ನಾನು ಒಂದು ಕ್ಷಣವೂ ತಡೆಯದೆ, "ನಿಲ್ಲಿಸಿದ್ದೆ, ಬಾಗಿಲು ತೆಗೆದಿದ್ದೆ, ಯಾರೂ ಇರಲಿಲ್ಲ" ಎಂದೆ. ನನ್ನ ಮೇಲೆ ಅದುವರೆಗೆ ಒಂದೂ ದೂರು ಇರಲಿಲ್ಲ. ಅವರು ನನ್ನನ್ನು ನಂಬಿದರು. ಹುಡುಗಿ ತಡವಾಗಿ ಬಂದು ಬೈಗುಳದ ಭಯಕ್ಕೆ ಸುಳ್ಳು ಹೇಳಿದ್ದಾಳೆ ಎಂದಾಯಿತು.

ನಿಲ್ಲಿಸಿದ್ದೆನೇ? ಬೆಂಚಿನ ಮೇಲೆ ಕೂತು ಮೊದಲ ಸಲ ಕೇಳಿಕೊಂಡೆ. ಐದನೇ ಸ್ಟಾಪಿನ ಅವಳಿ ಮಕ್ಕಳು ಹತ್ತಿದ್ದು ನೆನಪಿತ್ತು. ಆಮೇಲೆ ಚರ್ಚಿನ ಹತ್ತಿರದ ಸಿಗ್ನಲ್ಲು. ಅದು ಏಳನೇ ಸ್ಟಾಪಿನ ಹತ್ತಿರ. ನಡುವೆ ಏನೂ ಇರಲಿಲ್ಲ, ಕಾಣೆಯಾದ ಚರಣದ ಹಾಗೆ. ಈ ಖಾಲಿ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಿದ್ದೆ ಎಂದು ಹೇಳಿದ್ದೆ, ಯಾಕೆಂದರೆ ದಿನಾ ನಿಲ್ಲಿಸುತ್ತಿದ್ದೆನಲ್ಲ. ಆ ದಿನ ನನ್ನ ಹಿಂದೆ ಇಪ್ಪತ್ತು ಮಕ್ಕಳಾದರೂ ಕೂತಿದ್ದವು.

ಇನ್ನೂ ಒಂದು ನೆನಪಾಯಿತು. ಅದಾದ ಮೇಲೆ ಜೂನ್ ಕೊನೆಯವರೆಗೂ ಜಸ್ಲೀನ್ ನನ್ನ ಬಸ್ಸು ತಿರುವಿನಲ್ಲಿ ಕಾಣಿಸಿದ ಕೂಡಲೇ ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಳು. ಬಸ್ಸು ನಿಂತು ಬಾಗಿಲು ತೆರೆಯುವ ತನಕ ಬೀಸುತ್ತಲೇ ಇರುತ್ತಿದ್ದಳು. ತುಂಟ ಹುಡುಗಿ, ನನ್ನ ಮೇಲೆ ಪ್ರೀತಿ ಎಂದು ನಾನೂ ಕೈ ಬೀಸಿ ನಕ್ಕಿದ್ದೆ.

ಮಾಲತಿಗೆ ಇದನ್ನೆಲ್ಲ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. "ಸೋಮವಾರ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ" ಎಂದರು.

ಮನೆಯವರು ಜೊತೆಗಾರರೊಬ್ಬರನ್ನು ಕರೆದುಕೊಂಡು ಬಂದರು, ವಿಡಿಯೋ ನೋಡಿದರು. ಎರಡನೇ ಸಲ ನೋಡಲಿಲ್ಲ. ಫೋನು ಮಾಲತಿಗೆ ಹಿಂತಿರುಗಿಸಿ, "ನಾನ ಪಿತ್ತ ಅಂದಿದ್ನೆಲ್ರಿ" ಎಂದು ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ದಾರಿಯುದ್ದಕ್ಕೂ ನನ್ನ ವ್ಯಾನನ್ನು ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದರು. ಹಿಂದಿನವರು ಹಾರ್ನ್ ಹೊಡೆದರೂ ಕೇಳಲಿಲ್ಲ.

ಡಾಕ್ಟರರು ವಿಡಿಯೋ ನೋಡಿ, ಪ್ರಶ್ನೆ ಕೇಳಿ, ಪರೀಕ್ಷೆಗಳಿಗೆ ಬರೆದುಕೊಟ್ಟರು. ಲೈಸೆನ್ಸಿನವರಿಗೆ ತಾವು ತಿಳಿಸಲೇಬೇಕು, ಕಾನೂನೇ ಹಾಗಿದೆ ಎಂದು ತುಂಬ ಮೆಲ್ಲಗೆ ಹೇಳಿದರು. ತಿಳಿಸಿ ಎಂದೆ. ಅಲ್ಲಿಂದ ಸೀದಾ ಯಾರ್ಡಿಗೆ ಹೋಗಿ, ಬಸ್ಸಿನ ಕೀಲಿಯನ್ನೂ ಹಳದಿ ಜಾಕೆಟ್ಟನ್ನೂ ಮೇಜಿನ ಮೇಲಿಟ್ಟು, ಏಪ್ರಿಲಿನ ವಿಷಯ ಹೇಳಿದೆ. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಜಾಕೆಟ್ಟು ಮಡಿಸುವಾಗ ಅತ್ತೆ. ಅವರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತೇನೋ. ಮುಂದೆ ನನ್ನದೂ ಮಾಲತಿಯ ರೋಗವೇ ಎಂದು ಗೊತ್ತಾಯಿತು, ಗುಳಿಗೆ ಹತ್ತಿತು, ಆ ಖಾಲಿಗಳು ನಿಂತವು, ಎಷ್ಟೋ ತಿಂಗಳ ಮೇಲೆ ಕಾರಿನ ಲೈಸೆನ್ಸು ಬಂತು. ಬಸ್ಸಿನದಕ್ಕೆ ನಾನು ಮತ್ತೆ ಅರ್ಜಿ ಹಾಕಲಿಲ್ಲ. ಈಗ ಅದೇ ಯಾರ್ಡಿನಲ್ಲಿ ರೇಡಿಯೋ ಮುಂದೆ ಕೂತು ಬಸ್ಸುಗಳಿಗೆ ದಾರಿ ಹೇಳುತ್ತೇನೆ. ಯಾವ ಡ್ರೈವರಾದರೂ ಮಗು ಸ್ಟಾಪಿನಲ್ಲಿರಲಿಲ್ಲ ಎಂದರೆ ನಾನು ಎರಡು ಸಲ ಕೇಳುತ್ತೇನೆ. ಅದಕ್ಕೆ ನನ್ನ ಮೇಲೆ ಕೆಲವರಿಗೆ ಸಿಟ್ಟಿದೆ, ಇರಲಿ. ಮಾಲತಿಗೂ ಲೈಸೆನ್ಸು ಬಂದಿದೆ, ಗೊಜ್ಜಿನ ಬಾಟಲಿ ನಿಂತಿಲ್ಲ.

ಆದರೆ ಆ ಬೇಸಿಗೆ ನನ್ನ ಪಾಲಿಗೆ ಮುಗಿದದ್ದು ಯಾರ್ಡಿನಲ್ಲಲ್ಲ. ಶಾಲೆ ತೆರೆಯುವ ಹಿಂದಿನ ವಾರ, ಯಾರ್ಡಿನವರ ಮೂಲಕ ಜಸ್ಲೀನ್‌ಳ ತಾಯಿಯನ್ನು ಕೇಳಿಸಿ, ಬರಬಹುದು ಎಂದ ಮೇಲೆ, ಅವರ ಮನೆಗೆ ಹೊರಟೆ. ಬಿಟ್ಟುಬರುತ್ತೇನೆ ಎಂದರು ಮನೆಯವರು. ಬೇಡ ಎಂದು ನಡೆದೇ ಹೋದೆ. ಬಸ್ಸಿನಲ್ಲಿ ಹತ್ತು ನಿಮಿಷದ ರೂಟು ನಡೆದರೆ ಮುಕ್ಕಾಲು ಗಂಟೆ. ಒಂದನೇ ಸ್ಟಾಪು, ಎರಡನೇ ಸ್ಟಾಪು, ಒಂದೊಂದರ ಹತ್ತಿರವೂ ನಿಂತು ನಿಂತು ಹೋದೆ. ಆರನೆಯದರ ಹತ್ತಿರ ಲೈಟುಕಂಬದ ಕೆಳಗೆ ಸ್ವಲ್ಪ ಹೊತ್ತು ನಿಂತು, ಬಸ್ಸು ಬರುವ ತಿರುವನ್ನು ಅವಳ ಎತ್ತರಕ್ಕೆ ಬಗ್ಗಿ ನೋಡಿದೆ.

ಬಾಗಿಲು ತೆರೆದವಳು ಜಸ್ಲೀನ್. ಹಿಂದೆಯೇ ಅವಳ ತಾಯಿ, ಕೈಯಲ್ಲಿ ಹಿಟ್ಟು. ನಾನು ನನ್ನ ಹರಕುಮುರುಕು ಹಿಂದಿಯಲ್ಲಿ, ಕೂರದೆ, ಬಾಗಿಲಲ್ಲೇ ನಿಂತು ಹೇಳಿದೆ. ಏಪ್ರಿಲಿನಲ್ಲಿ ನಿಮ್ಮ ಮಗಳು ಸ್ಟಾಪಿನಲ್ಲೇ ಇದ್ದಳು. ನಾನು ನಿಲ್ಲಿಸಲಿಲ್ಲ. ನನಗೆ ಕಾಯಿಲೆ ಇತ್ತು, ಗೊತ್ತಿರಲಿಲ್ಲ. ಆದರೆ ನಿಲ್ಲಿಸಿದ್ದೆ ಎಂದು ಹೇಳಿದ್ದು ಕಾಯಿಲೆಯಲ್ಲ, ನಾನು. ಆಮೇಲೆ ಬಗ್ಗಿ ಹುಡುಗಿಗೆ ಇಂಗ್ಲಿಷಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದೆ.

ತಾಯಿ, "ಕೋಯೀ ಬಾತ್ ನಹೀ, ಆಂಟೀಜಿ" ಎಂದಳು. ಪರವಾಗಿಲ್ಲ ಎಂದು ದೊಡ್ಡವರು ದೊಡ್ಡವರಿಗೆ ಹೇಳುವ ಮಾತು ಅದು. ಜಸ್ಲೀನ್ ಹಾಗೆ ಹೇಳಲಿಲ್ಲ. ತಲೆಯೆತ್ತಿ ತಾಯಿಯ ಮುಖವನ್ನು ನೋಡಿದಳು. "ಐ ಟೋಲ್ಡ್ ಯೂ, ಮಮ್ಮಾ" ಎಂದಳು. ತಾಯಿ ಹಿಟ್ಟಿನ ಕೈಯಲ್ಲೇ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ಹುಡುಗಿ ಮುಖ ಈಚೆ ತಿರುಗಿಸಿ, ಎರಡೂ ಕೈ ಮೇಲೆತ್ತಿ ತೋರಿಸಿ, ನನ್ನನ್ನು ಕೇಳಿದಳು. "ಸೋ ಐ ಡೋಂಟ್ ಹ್ಯಾವ್ ಟು ವೇವ್ ಎನಿಮೋರ್?"

"ಬ್ಯಾಡವ್ವಾ" ಎಂದೆ. ಕನ್ನಡದಲ್ಲೇ ಬಂದುಬಿಟ್ಟಿತು. ಆದರೂ ಅವಳಿಗೆ ತಿಳಿಯಿತು.